ನಾಲ್ಕು ಕೊಂಬು, ತಲೆ ಮೇಲೆ ಕ್ರೋಶಾ ಟೋಪಿ

ಮಧುಗಿರಿಯ ಒಂದು ಮನೆ. ಷೋಕೇಸಿನಲ್ಲಿ, ಟಿವಿಯ ಬೆನ್ನಿಗೆ, ವೈಫೈ ರೂಟರ್ ಅವರು 2021ರಿಂದ ಠಿಕಾಣಿ ಹೂಡಿದ್ದಾರೆ. ಬಿಳಿ ಮೈ, ನಾಲ್ಕು ಕೊಂಬು, ತಲೆಗೆ ಯಜಮಾನಿತಿ ಹೆಣೆದ ಕ್ರೋಶಾ ಹೊದಿಕೆ. ಆಯುಧಪೂಜೆಯ ಅರಿಶಿನ ಕುಂಕುಮ ಗಾಳಿಯಾಡುವ ಸೀಳುಗಳಲ್ಲಿ ಇನ್ನೂ ಉಳಿದಿದೆ. ಮನೆಯಲ್ಲಿ ಯಾವುದು ನಿಂತರೂ ಮೊದಲು ಬೈಸಿಕೊಳ್ಳುವವರು ಇವರೇ ಆದ್ದರಿಂದ, ಇವರ ಪಾಡೇನೆಂದು ಕೇಳಲು ಹೋದೆವು.

ನಾವು: ಹೇಗಿದ್ದೀರಿ?

ರೂಟರ್: ಸೆಕೆ ಸ್ವಾಮಿ. ಮೊದಲು ಈ ಟೋಪಿ ತೆಗೀರಿ, ಆಮೇಲೆ ಮಾತಾಡಾಣ.

ನಾವು: ನಿಮ್ಮ ಮೇಲೆ ದೂರಿದೆ. 100 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿದ್ದಾರೆ. ಆದರೂ ಮಗ ಬಿಜಿಎಂಐ ಆಡಲು ಕೂತರೆ, ಎದುರಾಳಿ ಓಡಿಹೋದ ಮೇಲೆ ಇವನ ಗುಂಡು ಹಾರುತ್ತದಂತೆ.

ರೂಟರ್: ಆ ಆಟವನ್ನೇ ಸರ್ಕಾರ 2022ರ ಜುಲೈನಲ್ಲಿ ನಿಲ್ಲಿಸಿ, 2023ರ ಮೇನಲ್ಲಿ ತಿರುಗಿ ಬಿಡ್ತು. ಅಷ್ಟು ತಿಂಗಳೂ ಇವನು ‘ನೆಟ್ ಸರಿಯಿಲ್ಲ’ ಅಂತ ನನ್ನನ್ನೇ ಬೈದ. ಇರ್ಲಿ. ಆಟಕ್ಕೆ ಒಂದು ಎಂಬಿಪಿಎಸ್ಸೂ ಪೂರ್ತಿ ಬೇಕಿಲ್ಲ ಕಣ್ ಸ್ವಾಮಿ. ಎಷ್ಟು ಬೇಗ ಹೋಗಿ ಬರ್ತೈತೆ ಅನ್ನೋದೇ ಲೆಕ್ಕ, ಹುಡುಗ್ರು ಪಿಂಗ್ ಅನ್ನೋದು ಅದನ್ನೇ. ಗಾಜಿನ ಎಳೇಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡ್ತೈತೆ. ಆಟದ ಸರ್ವರ್ ಮುಂಬೈಲಿದ್ರೆ, ತಂತಿ ದಾರಿ ಸಾವಿರ ಕಿಲೋಮೀಟರ್ ಅಂತಿಟ್ಕಳಿ, ಹೋಗಿ ಬರೋಕೆ ಬೆಳಕಿಗೇ 10 ಮಿಲಿಸೆಕೆಂಡು ಹಿಡೀತೈತೆ. ಸಿಂಗಪುರದಲ್ಲಿದ್ರೆ 30ರ ಮೇಲೆ. ಯಾವ ಪ್ಲಾನ್ ಹಾಕಿಸಿದ್ರೂ ಇದು ಇಳಿಯಲ್ಲ. ಇದರ ಮೇಲೆ ದಾರೀಲೊಂದಿಷ್ಟು ಸೇರ್ತೈತೆ, ಈ ಮನೇಲಿ ಇನ್ನೊಂದಿಷ್ಟು. ಮನೇಲಿ ಸೇರೋದೇ ಜಾಸ್ತಿ.

ನಾವು: ಮನೆಯಲ್ಲೇ? ಹೇಗೆ?

ರೂಟರ್: ಸಾಯಂಕಾಲ ಏಳು ಗಂಟೆಗೆ ಬಂದು ನೋಡಿ. ಅಮ್ಮಾವ್ರು ಟಿವೀಲಿ ನೆಟ್ ಮೇಲೇ ಧಾರಾವಾಹಿ ನೋಡ್ತಾ ಇರ್ತಾರೆ. ಮಗಳು ಆನ್‌ಲೈನ್ ಅರ್ಜಿ ತುಂಬ್ತಾ ಇರ್ತಾಳೆ. ಯಜಮಾನ್ರು ಜಗಲಿ ಮೇಲೆ ಸುಮ್ನೆ ಕೂತಿರ್ತಾರೆ, ಅವರ ಜೇಬಲ್ಲಿರೋ ಫೋನು ಮಾತ್ರ ಸುಮ್ನಿರಲ್ಲ. ಭಾಮೈದನ ಮದುವೆ ಫೋಟೋನೆಲ್ಲ ತನ್ನಷ್ಟಕ್ಕೆ ತಾನೇ ಮೇಲಕ್ಕೆ ಕಳಿಸ್ತಾ ಇರ್ತೈತೆ. ಕಳಿಸೋ ದಾರಿ ತುಂಬಿಹೋದ್ರೆ ನಾನೇನ್ ಮಾಡ್ಲಿ? ಬಂದಿದ್ದನ್ನ ಚೆಲ್ಲಬಾರದು ಅಂತ ನನಗೆ ಬೇಕಾದಷ್ಟು ಮೆಮೊರಿ ಕೊಟ್ಟವ್ರೆ. ಎಲ್ಲಾನೂ ಅದರಲ್ಲಿ ಸಾಲಾಗಿ ನಿಲ್ಲಿಸ್ತೀನಿ. ಹುಡುಗನ ಗುಂಡು ಮದುವೆ ಫೋಟೋಗಳ ಹಿಂದೆ ನಿಂತ್ಕಂತೈತೆ. 30 ಇದ್ದ ಪಿಂಗ್ 300 ಆಗ್ತೈತೆ. ಜಿಮ್ ಗೆಟಿಸ್ ಅಂತ ಅಮೆರಿಕದ ಎಂಜಿನಿಯರ್ರು, 2010ರ ಹೊತ್ತಿಗೆ ಅವರ ಮನೇಲೂ ಇದೇ ಪಾಡಾಗಿತ್ತು. ಅವರು ಇದಕ್ಕೆ ಬಫರ್‌ಬ್ಲೋಟ್ ಅಂತ ಹೆಸರಿಟ್ರು. ನಮ್ಮ ಯಜಮಾನ್ರು ‘ದರಿದ್ರ ಡಬ್ಬ’ ಅಂತ ಇಟ್ಟವ್ರೆ.

ನಾವು: ಪರಿಹಾರವಿಲ್ಲವೇ?

ರೂಟರ್: ಐತೆ, ದುಡ್ಡೂ ಬೇಕಿಲ್ಲ. ಫೋಟೋ ಕಳಿಸೋದನ್ನ ರಾತ್ರಿ ಮಲಗಿದ ಮೇಲೆ ಮಾಡು ಅಂತ ಫೋನಿಗೆ ಹೇಳಬೇಕು. ನನ್ನ ಸೆಟ್ಟಿಂಗ್ಸಲ್ಲಿ ಕ್ಯೂಒಎಸ್ ಅಂತ ಒಂದು ಪುಟ ಐತೆ. ಅಲ್ಲಿ ಅಪ್‌ಲೋಡನ್ನ ನಿಜವಾಗಿ ಸಿಗೋ ವೇಗಕ್ಕಿಂತ ನೂರಕ್ಕೆ ಹತ್ತು ಹದಿನೈದರಷ್ಟು ಇಳಿಸಿ ಕಟ್ಟಿದ್ರೆ ಸಾಲೇ ಬೆಳೆಯಲ್ಲ. ಆಟದ ಫೋನನ್ನ ಮುಂದಕ್ಕೆ ಬಿಡು ಅಂತಾನೂ ಅಲ್ಲೇ ಹೇಳಬೋದು. ಆದ್ರೆ ಆ ಪುಟ ತೆಗೆದವರು ಯಾರು? 192.168.1.1 ಅಂತ ವಿಳಾಸ ನನ್ನ ಹೊಟ್ಟೆ ಕೆಳಗೇ ಅಚ್ಚಾಗೈತೆ. ಇವತ್ತಿಗೂ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಒಂದ್ಸಲ ಯಜಮಾನ್ರು ಸಿಟ್ಟು ಬಂದು ಪಿನ್ನು ಚುಚ್ಚಿ ರೀಸೆಟ್ ಮಾಡಿದ್ರು. ಕೇಬಲ್ ಹುಡುಗ ಹಾಕಿಟ್ಟಿದ್ದ ಪಿಪಿಪಿಒಇ ಲಾಗಿನ್ನೇ ಅಳಿಸಿಹೋಯ್ತು. ಅವನು ಬರೋವರೆಗೂ ಎದುರುಮನೆ ವೈಫೈಲಿ ಕಾಲ ಕಳೆದ್ರು. ಅದರ ಪಾಸ್‌ವರ್ಡು ಇವರಿಗೆ ಮೊದಲೇ ಗೊತ್ತಿತ್ತು.

ನಾವು: ಮಗ ಯೂಟ್ಯೂಬ್ ನೋಡಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದಾನಂತಲ್ಲ?

ರೂಟರ್: ಮಾಡಿದಾನೆ ಪುಣ್ಯಾತ್ಮ, ಹೊರಗಿನೋರು ನೇರ ಒಳಗೆ ಬರ್ಲಿ ಅಂತ ನನ್ನಲ್ಲಿ ಬಾಗಿಲು ತೆಗೆದವ್ನೆ, ಒಂದಲ್ಲ ಎಂಟು ಪೋರ್ಟು. ನಮ್ಮ ಬೆಟ್ಟದ ಕೋಟೆ ಹತ್ತಿದೀರಾ? ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಅಂತ ಒಂದಾದ ಮೇಲೊಂದು. ಮೇಲಿಂದು ತೆಗೆದು ನೆಂಟರಿಗೆ ಕಾಯ್ತಾ ಕೂತ್ರೆ ಏನು ಬಂತು, ಕೆಳಗಿಂದು ಹಾಕೇ ಐತಲ್ಲ! ಆ ಕೆಳಗಿನ ಬಾಗಿಲು ನೆಟ್ ಕಂಪನಿಯೋರದು. ಇಂಟರ್ನೆಟ್ಟಿನ ಹಳೇ ಲೆಕ್ಕದಲ್ಲಿ ಇರೋದು ಒಟ್ಟು 429 ಕೋಟಿ ವಿಳಾಸ. ಅದರ ಕೊನೇ ಕಂತು 2011ರ ಫೆಬ್ರುವರೀಲೇ ಹಂಚಿಹೋಯ್ತು. ಅದಕ್ಕೇ ಕಂಪನಿಯೋರು ನೂರಾರು ಮನೆಗೆ ಸೇರಿಸಿ ಒಂದೇ ವಿಳಾಸ ಕೊಡ್ತಾರೆ. ಸಿಜಿನ್ಯಾಟ್ ಅಂತಾರೆ. ನನ್ನ ವ್ಯಾನ್ ವಿಳಾಸ 100.64ರಿಂದ 100.127ರ ಒಳಗಿದ್ರೆ ನಾನೂ ಆ ಗುಂಪಿನವನು ಅಂತ ತಿಳ್ಕಳಿ. ಆಗ ಒಂದೋ ಕಂಪನಿಗೆ ಫೋನ್ ಮಾಡಿ ಸ್ಟ್ಯಾಟಿಕ್ ಐಪಿ ಕೇಳಬೇಕು, ಇಲ್ಲ ಐಪಿವಿ6 ಆನ್ ಮಾಡಿ ಆ ಆಟ ಅದನ್ನ ಒಪ್ತೈತಾ ನೋಡಬೇಕು. ಎಂಟು ಪೋರ್ಟು ತೆಗೆದು ಊದಿನಕಡ್ಡಿ ಹಚ್ಚಿದ್ರೆ ಆಗಲ್ಲ.

ನಾವು: ನಿಮ್ಮ ಹೆಸರಿನ ಮುಂದೆ ‘5ಜಿ’ ಅಂತ ಇದೆ. ಆದರೂ ಮಹಡಿಯಲ್ಲಿ ಸಿಗ್ನಲ್ ಇಲ್ಲವಂತೆ.

ರೂಟರ್: ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಓಟ ಜೋರು, ಗೋಡೆ ಅಂದ್ರೆ ಅಂಜಿಕೆ. ಈ ಮನೆಗೆ ಮುಕ್ಕಾಲಡಿ ಕಲ್ಲುಗೋಡೆ! 2.4 ಆದ್ರೆ ಗೋಡೆ ದಾಟ್ತೈತೆ, ಆದ್ರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲು 1, 6, 11 ಮೂರೇ. ಬೀದಿಯೋರೆಲ್ಲ ಅದರಲ್ಲೇ. ಹುಡುಗ ನನ್ನ ಪಕ್ಕದಲ್ಲೇ ಕೂತು ಆಡೋದಾದ್ರೆ 5ಕ್ಕೆ ಸೇರ್ಕಳ್ಳಲಿ.

ನಾವು: ನಿಮ್ಮ ಬಳಗದವರು ಹೇಗಿದ್ದಾರೆ?

ರೂಟರ್: ಶಿರಾದಲ್ಲಿ ನಮ್ಮಣ್ಣ ಅವ್ನೆ, ಹೆದ್ದಾರಿ ಪಕ್ಕ. ಜೆಸಿಬಿ ಮಣ್ಣಿಗೆ ಕೈ ಹಾಕ್ತು ಅಂದ್ರೆ ಅವನ ಕೆಂಪು ದೀಪ ಹತ್ತಿಕಂತೈತೆ. ಕೊರಟಗೆರೆಯೋನು ತೋಟದ ಮನೇಲವ್ನೆ. ಪಂಪ್‌ಸೆಟ್ ಮನೆ ತನಕ ಸಿಗ್ನಲ್ ಬೇಕು ಅಂತಾರೆ, ನಡುವೆ ಒಂದೆಕರೆ ಅಡಿಕೆ. ಹಸಿ ಎಲೆ ಸಿಗ್ನಲ್ ನುಂಗ್ತೈತೆ ಅಂತ ಯಾರು ಹೇಳ್ಬೇಕು ಅವರಿಗೆ.

ಪಾವಗಡದೋನ ಕತೆ ಮಾತ್ರ ಕೇಳಬೇಡಿ. ತಿರುಮಣಿ ಕಡೆಯೋನು. ಅಲ್ಲಿ ರೈತರಿಂದ ಗುತ್ತಿಗೆಗೆ ತಗಂಡ ಸುಮಾರು 13,000 ಎಕರೇಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕು. ‘ಶಕ್ತಿ ಸ್ಥಳ’ ಅಂತ ಹೆಸರು, 2018ರಲ್ಲಿ ಉದ್ಘಾಟನೆ ಆಯ್ತು. ನಮಗೆ ಬೇಕಾದ್ದು 12 ವೋಲ್ಟು, 1 ಆಂಪು, ಹೆಚ್ಚೆಂದ್ರೆ 12 ವ್ಯಾಟು. ನೆತ್ತಿ ಮೇಲೆ ಸೂರ್ಯ ಇದ್ದಾಗ ನಮ್ಮಂಥ 17 ಕೋಟಿ ಜನಾನ ಸಾಕೋ ಅಷ್ಟು ಕರೆಂಟು ಅವನ ಕಣ್ಣೆದುರಿಗೇ ಗ್ರಿಡ್ಡಿಗೆ ಹೋಗ್ತೈತೆ. ಅವನ ಮನೆ ಕರೆಂಟು ಕಣ್ಣು ಮಿಟುಕಿಸಿದ್ರೂ ಅವನು ಮೊದಲಿಂದ ಎದ್ದು, ಲಾಗಿನ್ ಆಗಿ ಬರೋಕೆ ಎರಡು ನಿಮಿಷ ಬೇಕು. ಅಷ್ಟರಲ್ಲಿ ಆಟದಲ್ಲಿ ಹುಡುಗ ಸತ್ತಿರ್ತಾನೆ. ಒಂದು ಮಿನಿ ಯುಪಿಎಸ್ ತಂದಿಟ್ರೆ ಮುಗೀತು. ಅದರ ಬದಲು ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿಸಿ ಬಂದವ್ರೆ.

ನಾವು: ಮಗಳ ಅರ್ಜಿ ಏನಾಯಿತು?

ರೂಟರ್: ಕೊನೇ ದಿನ, ರಾತ್ರಿ ಹನ್ನೊಂದೂವರೆ. ಇಡೀ ರಾಜ್ಯದ ಮಕ್ಕಳು ಆವಾಗಲೇ ಕೂತಿರ್ತಾರೆ. ಆ ಕಡೆ ಸರ್ವರ್ ಮಲಗಿತ್ತು. ಪರದೆ ಮೇಲೆ ಚಕ್ರ ತಿರುಗ್ತಾ ಇತ್ತು, ಯಜಮಾನ್ರು ಬಂದು ನನ್ನ ತಲೆ ಮೇಲೆ ಎರಡು ಬಿಟ್ರು. ಅದೇ ಹೊತ್ತಿಗೆ ಆ ಕಡೆ ಸರ್ವರ್ ಎದ್ದು ಅರ್ಜಿ ಹೋಯ್ತು. ಅವತ್ತಿಂದ ಈ ಮನೇಲಿ ಏನು ನಿಂತ್ರೂ ಅದೇ ಔಷಧಿ.

ನಾವು: ಕೊನೆಯದಾಗಿ, ನಿಮ್ಮ ಆಸೆ?

ರೂಟರ್: ಒಂದು ಮೊಳೆ ಸ್ವಾಮಿ. ನಡುಮನೆ ಗೋಡೇಲಿ, ಆಳೆತ್ತರಕ್ಕೆ. ಟಿವಿ ಹಿಂದಿಂದ ನನ್ನನ್ನ ಅಲ್ಲಿಗೆ ತಗುಲಿ ಹಾಕಿದ್ರೆ ಅರ್ಧ ಕಾಯಿಲೆ ಹೋಗ್ತೈತೆ.

(ಇಷ್ಟರಲ್ಲಿ ಯಜಮಾನರು ಬಂದರು. ಮೊಳೆಯ ವಿಷಯ ಪ್ರಸ್ತಾಪಿಸಿದೆವು. “ಅಲ್ಲಿ ನಮ್ಮ ತಂದೆಯೋರ ಫೋಟೋ ಇದೆ ಸಾರ್, ಆಗಲ್ಲ. ಅದೂ ಅಲ್ದೆ ಗೋಡೆಗೆ ಹೊಸಾ ಪೇಂಟು. ತೊಂದರೇನೇ ಬೇಡ ಅಂತ 300 ಎಂಬಿಪಿಎಸ್ ಪ್ಲಾನಿಗೆ ಹೇಳಿಬಿಟ್ಟಿದೀನಿ. ಕೇಬಲ್ ಹುಡುಗ ಸಾಯಂಕಾಲ ಬರ್ತಾನೆ,” ಎಂದರು. ಕ್ರೋಶಾ ಹೊದಿಕೆಯನ್ನು ಒದರಿ ಮತ್ತೆ ಹೊದಿಸಿದರು.)

ರೂಟರ್: ಇನ್ನೇನ್ ಬುಡಿ. ಮದುವೆ ಫೋಟೋ ಬೇಗ ಹೋಯ್ತವೆ.