ಸಿಪ್ಪೆ ಸಕ್ಕರೆ ಕಾರ್ಖಾನೆ, ಇಂದೂರ

ಹಳಿಯಾಳದವರು ಕಬ್ಬು ಅರೆದು ಸಕ್ಕರೆ ಮಾಡುತ್ತಾರೆ, ಅದರಲ್ಲೇನು ದೊಡ್ಡಸ್ತಿಕೆ? ನಾನು ಕಸದಿಂದಲೇ ತೆಗೆಯುತ್ತೇನೆ ಎಂದು ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದಾಗ ಇಂದೂರಿನ ಕಟ್ಟೆಯ ಮೇಲೆ ಸಾರಿಬಿಟ್ಟೆ. ಮೋಸಂಬಿ ಹಿಂಡಿದ ಮೇಲೆ ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಿಪ್ಪೆ-ಚರಟವಾಗಿ ಉಳಿಯುತ್ತದೆ, ಅದರಿಂದ ಸಕ್ಕರೆ ತೆಗೆಯಬಹುದು ಎಂದು ಓದಿದ್ದೆ. 1819ರಲ್ಲೇ ಫ್ರಾನ್ಸಿನ ಹೆನ್ರಿ ಬ್ರಾಕೊನೊ ಎಂಬಾತ ಹಳೆ ಬಟ್ಟೆಯನ್ನು ಗಂಧಕಾಮ್ಲದಲ್ಲಿ ಕರಗಿಸಿ, ಕುದಿಸಿ ಸಕ್ಕರೆ ತೆಗೆದಿದ್ದನಂತೆ. ಹರಕು ಬಟ್ಟೆಗೆ ಒದಗಿದ ಭಾಗ್ಯ ಮೋಸಂಬಿಗೆ ಬೇಡವೇ?

ಮುಂಡಗೋಡಿನ ಜ್ಯೂಸ್ ಅಂಗಡಿಯವ ಒಂದು ಚೀಲ ಸಿಪ್ಪೆ ಬಿಟ್ಟಿ ಕೊಟ್ಟ, ಬೈಕಿಗೆ ಕಟ್ಟಿಯೂ ಕೊಟ್ಟ. "ನಾಳೆನೂ ಬರ್ರೀ ಅಣ್ಣಾರ" ಎಂದ.

ಸಿಪ್ಪೆ ಹೆಚ್ಚುವಾಗ ಚಿಮ್ಮಿದ ಎಣ್ಣೆ ಪಕ್ಕದಲ್ಲಿದ್ದ ಮಗಳ ಥರ್ಮಾಕೋಲ್ ಮನೆಯ ಮೇಲೆ ಬಿತ್ತು. ಲಿಮೊನೀನ್ ಎಂಬ ಆ ಎಣ್ಣೆ ಥರ್ಮಾಕೋಲನ್ನು ಕರಗಿಸುತ್ತದೆ. ಚಾವಣಿಯ ತುಂಬ ಕುಳಿ. "ಅಪ್ಪಾ, ನನ್ನ ಮನಿ ಸೋರತೈತಿ!" ಎಂದು ಅವಳು ಅತ್ತಳು. ಉಪಯುಕ್ತ ರಾಸಾಯನಿಕ ಒಂದಂತೂ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ.

ಗಂಧಕಾಮ್ಲ ಮನೆಯೊಳಗೆ ತರುವ ಧೈರ್ಯವಿರಲಿಲ್ಲ. ಅದರ ಬದಲು ಲಿಂಬಿಹಣ್ಣು ಹಿಂಡಿ, ಬಚ್ಚಲ ಒಲೆಯ ಮೇಲೆ ಕುದಿಸಿ, ಸೋಸಿ, ನಾಲಿಗೆಗೆ ಹಚ್ಚಿದೆ. ಬೇವಿನ ಕಷಾಯವೇ ವಾಸಿ! ಸಿಪ್ಪೆಯ ಸೆಲ್ಯುಲೋಸ್ ಒಡೆದು ಸಕ್ಕರೆಯಾಗಲು ತಕ್ಕ ಕಿಣ್ವಗಳೋ ಕಡು ಆಮ್ಲವೋ ಬೇಕು. ಲಿಂಬಿ ರಸಕ್ಕೆ ಆ ಕಸುವಿಲ್ಲ. ಕಹಿ ಮುರಿಯಲೆಂದು ಬೆಲ್ಲ ಹಾಕಿದೆ. ಮುರಿಯಲಿಲ್ಲ. ಇನ್ನಷ್ಟು ಹಾಕಿದೆ. ಕೊನೆಗೆ ರಸದಷ್ಟೇ ತೂಕದ ಬೆಲ್ಲ ಒಳಗೆ ಹೋಗಿತ್ತು.

"ಸಕ್ರಿ ತಗೀತೇನಿ ಅಂದವ್ರು ಮನ್ಯಾಗಿನ ಬೆಲ್ಲಾನೂ ಖಾಲಿ ಮಾಡಿದ್ರಲ್ರೀ!" ಎಂದಳು ಹೆಂಡತಿ.

ಬೆಳಿಗ್ಗೆ ಪಾತೇಲಿಯಲ್ಲಿ ಸೌಟು ನೆಟ್ಟಗೆ ನಿಂತಿತ್ತು. ಮಗುಚಿ ಹಿಡಿದರೂ ಒಳಗಿನದು ಕದಲಲಿಲ್ಲ. ಹುಳಿ ಮತ್ತು ಬಿಸಿಗೆ ಸಿಪ್ಪೆ ತನ್ನ ಪೆಕ್ಟಿನ್ ಬಿಟ್ಟುಕೊಟ್ಟಿತ್ತು. ಬೇಕಾದಷ್ಟು ಬೆಲ್ಲ ಸಿಕ್ಕಿದ್ದೇ ತಡ, ಅದು ಹೆಪ್ಪುಗಟ್ಟಿ ಜೆಲ್ಲಿಯಾಗಿ ಕೂತಿತ್ತು. ಈ ಪೆಕ್ಟಿನ್ನನ್ನು 1825ರಲ್ಲಿ ಬೇರ್ಪಡಿಸಿ ವಿವರಿಸಿದವನೂ ಅದೇ ಬ್ರಾಕೊನೊ. ಪುಣ್ಯಾತ್ಮ, ನನ್ನನ್ನು ಎರಡೂ ಕಡೆಯಿಂದ ಹಿಡಿದ.

ಪೇಟೆಯ ಜಾಮ್ ಬಾಟಲಿಯ ಹಿಂದೆ ಸಣ್ಣಕ್ಷರದಲ್ಲಿ 440 ಎಂದಿದ್ದರೆ ಅದು ಪೆಕ್ಟಿನ್, ಬಹುಪಾಲು ಇಂಥದೇ ಸಿಪ್ಪೆಯಿಂದ ಬಂದದ್ದು. ನಮ್ಮ ಕಾರ್ಖಾನೆಯ ಮಾಲು ಬೇಕಿದ್ದವರು ದಯವಿಟ್ಟು ಡಬ್ಬಿ ತನ್ನಿ. ಬರುವಾಗ ಬೆಲ್ಲವನ್ನೂ ತನ್ನಿ.