ಕಾಂತಿಮಾವನ ರೇಷ್ಮೆ ಸಿದ್ಧಾಂತ

ಊರಿಗೊಬ್ಬರು ಬಿಟ್ಟಿ ವೈದ್ಯರು ಇದ್ದೇ ಇರುತ್ತಾರೆ. ಕೆಲವು ಊರಲ್ಲಿ ಅವರದು ಸೊಂಟನೋವಿನ ವಿಭಾಗ, ಕೆಲವು ಊರಲ್ಲಿ ಸಕ್ಕರೆ ಕಾಯಿಲೆಯ ವಿಭಾಗ. ಮೊಳಕಾಲ್ಮೂರಿನವರದು ಚರ್ಮದ ವಿಭಾಗ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡು ಕಂತಿನಲ್ಲಿ. ವೃತ್ತಿ, ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವುದು. ಹೆತ್ತವರು ಇಟ್ಟ ಹೆಸರೊಂದಿದೆ. ಅದು ರೇಷನ್ ಕಾರ್ಡಿನಲ್ಲಿ ಸುಖವಾಗಿದೆ. ಊರವರ ಬಾಯಲ್ಲಿ ಅವರು ಕಾಂತಿಮಾವ. ಯಾರನ್ನು ಕಂಡರೂ ಅವರು ಆಡುವ ಮೊದಲ ಮಾತು "ಮುಖದಾಗೆ ಕಾಂತಿನೇ ಇಲ್ವಲ್ಲ!" ಎಂಬುದು. ನಮಸ್ಕಾರ ಆಮೇಲೆ.

ಈ ಅಧಿಕಾರ ಅವರಿಗೆ ಸುಮ್ಮನೆ ಬಂದದ್ದಲ್ಲ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದಕ್ಕೂ ಎಷ್ಟೋ ಮುಂಚಿನಿಂದ ಬಳ್ಳಾರಿ, ರಾಯದುರ್ಗ, ದಾವಣಗೆರೆ ಕಡೆಯ ಬೀಗರು ಮದುವೆ ಜವಳಿಗೆ ಇಲ್ಲಿಗೇ ಬರುತ್ತಾರೆ. ಬಂದ ಮದುಮಗಳನ್ನು ಕನ್ನಡಿ ಮುಂದೆ ನಿಲ್ಲಿಸಿ, ಸೆರಗನ್ನು ಎರಡೇ ಬೆರಳಲ್ಲಿ ಎತ್ತಿ ಹೆಗಲ ಮೇಲೆ ಹಾಕಿ, ಕನ್ನಡಕ ಹಣೆಗೇರಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡುವುದು ಕಾಂತಿಮಾವನ ಕೆಲಸ. "ಚರ್ಮದ ಡಾಕ್ಟ್ರು ಒಂದು ದಿನಕ್ಕೆ ಎಷ್ಟು ಮುಖ ನೋಡ್ತಾರೆ? ಮದುವೆ ಸೀಜನ್ನಾಗೆ ನಾನು ನೋಡಿದಷ್ಟು ನೋಡ್ತಾರಾ?" ಎಂದು ಕೇಳುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ.

ಅವರ ವೈದ್ಯಶಾಸ್ತ್ರಕ್ಕೊಂದು ಮೂಲಗ್ರಂಥವಿದೆ, ಅದು ರೇಷ್ಮೆ ನೂಲು. ಅವರ ತಂದೆ ನೂಲಿಗೆ ಬಣ್ಣ ಹಾಕುತ್ತಿದ್ದವರು. ಗೂಡಿನಿಂದ ಬಿಚ್ಚಿದ ಹಸಿ ರೇಷ್ಮೆ ಒರಟು, ಮಂಕು. ಅದರ ಮೈಗೆ ಸೆರಿಸಿನ್ ಎಂಬ ಅಂಟು ಮೆತ್ತಿರುತ್ತದೆ. ನೂಲಿನ ತೂಕದಲ್ಲಿ ಶೇ. 20ರಿಂದ 30ರಷ್ಟು ಆ ಅಂಟೇ. ಸೋಪು, ಸೋಡಾ ಹಾಕಿದ ಕುದಿನೀರಲ್ಲಿ ಅದ್ದಿ ಅದನ್ನು ಬಿಡಿಸಿದ ಮೇಲೆಯೇ ರೇಷ್ಮೆಗೆ ಹೊಳಪು, ಬಣ್ಣ ಹಿಡಿಯುವ ಯೋಗ. ಚಿಕ್ಕಂದಿನಲ್ಲಿ ಹಂಡೆಯ ಪಕ್ಕ ಕೂತು ಇದನ್ನು ನೋಡಿದ ಕಾಂತಿಮಾವ ಅಂದೇ ತೀರ್ಮಾನಕ್ಕೆ ಬಂದರು: ನೂಲಿಗೆ ಆಗುವುದು ಮುಖಕ್ಕೆ ಯಾಕಾಗಬಾರದು? ಮುಖದ ಮೇಲಿನ ಜಿಡ್ಡೇ ಅಂಟು. ಅದನ್ನು ಕಿತ್ತರೆ ಒಳಗಿನ ಕಾಂತಿ ಹೊರಗೆ.

ಸಿದ್ಧಾಂತದಲ್ಲಿ ಒಂದೇ ಒಂದು ತೊಡಕು. ರೇಷ್ಮೆ, ಹುಳ ಬಿಟ್ಟುಕೊಟ್ಟ ಆಸ್ತಿ. ಮುಖ ಹಾಗಲ್ಲ, ಅದರ ಮಾಲೀಕರು ಅದನ್ನಿನ್ನೂ ಬಳಸುತ್ತಿರುತ್ತಾರೆ. ಆ ಜಿಡ್ಡು ಚರ್ಮವೇ ಹಾಕಿಕೊಂಡ ಕಾಂಪೌಂಡು. ಚರ್ಮದ ಮೇಲ್ಪದರ ಸ್ವಲ್ಪ ಹುಳಿಯ ಕಡೆಗಿರುತ್ತದೆ, ಪಿಎಚ್ 5ರ ಆಸುಪಾಸು. ಅಡುಗೆ ಸೋಡಾ 8ರ ಮೇಲೆ. ನಿಂಬೆರಸ ಇನ್ನೊಂದು ತುದಿ, 2ರ ಹತ್ತಿರ. ಒಂದು ದಿನ ಸೋಡಾ, ಮಾರನೇ ದಿನ ನಿಂಬೆ ತಿಕ್ಕಿಸಿಕೊಂಡ ಚರ್ಮ ಯಾರ ಮಾತು ಕೇಳಬೇಕೆಂದು ತಿಳಿಯದೆ ಸುಲಿಯತೊಡಗುತ್ತದೆ. ಸುಲಿಯುವುದನ್ನು ಕಂಡು ಕಾಂತಿಮಾವ ಹಿಗ್ಗುತ್ತಾರೆ: "ನೋಡವ್ವಾ, ಅಂಟು ಬಿಡ್ತಾ ಐತೆ!"

ಚಳ್ಳಕೆರೆ ಕಡೆಯ ತಾಯಿ-ಮಗಳು ಜವಳಿಗೆ ಬಂದಿದ್ದ ದಿನ ಅಂಗಡಿಯಲ್ಲಿ ನಾನೂ ಇದ್ದೆ. ಮದುವೆಗೆ ತಿಂಗಳಿತ್ತು. ಹುಡುಗಿಯ ಕೆನ್ನೆಯಲ್ಲಿ ನಾಲ್ಕು ಮೊಡವೆ. ಕಾಂತಿಮಾವ ಸೀರೆ ಮಡಚುವುದನ್ನು ನಿಲ್ಲಿಸಿ ಬಿಲ್ ಬುಕ್ಕಿನ ಒಂದು ಹಾಳೆ ಹರಿದು, ಹಿಂಬದಿಯಲ್ಲಿ ಬರೆದುಕೊಟ್ಟರು: ಕಡ್ಲೆಹಿಟ್ಟು ಎರಡು ಚಮಚ, ಗಟ್ಟಿ ಮೊಸರು ಒಂದು, ಅರಿಶಿನ ಚಿಟಿಕೆ, ನಿಂಬೆ ಅರ್ಧ ಹೋಳು, ಸೋಡಾ ಸ್ವಲ್ಪ.

ತಾಯಿ ಚೀಟಿಯನ್ನು ಓದಿ, ಇನ್ನೊಮ್ಮೆ ಓದಿ, "ಇದು ಮೆಣಸಿನಕಾಯಿ ಬಜ್ಜಿ ಹಿಟ್ಟಲ್ಲೇನಣ್ಣ?" ಎಂದರು.

"ಅದಕ್ಕೆ ಖಾರ ಹಾಕ್ತೀವಿ ಕಣಮ್ಮ, ಇದಕ್ಕೆ ಹಾಕಂಗಿಲ್ಲ. ಅಷ್ಟೇ ವ್ಯತ್ಯಾಸ."

"ಹಚ್ಚಿದ್ರೆ ಬೆಳ್ಳಗಾಗ್ತಾಳೇನಣ್ಣ?"

ಈ ಪ್ರಶ್ನೆಗೆ ಮಾತ್ರ ಕಾಂತಿಮಾವನಿಗೆ ಸಿಟ್ಟು ಬರುತ್ತದೆ. "ಬೆಳ್ಳಗ್ಯಾಕಾಗಬೇಕು? ಈ ಮಾವಿನ ಬಣ್ಣದ ಒಡಲು, ಕೆಂಪು ಅಂಚು ಬೆಳ್ಳಗಿರೋರಿಗೆ ಉಡ್ಸಿ ನೋಡು, ಸೀರೆನೂ ಕಾಣಲ್ಲ, ಹುಡುಗಿನೂ ಕಾಣಲ್ಲ. ನಿನ್ನ ಮಗಳ ಬಣ್ಣಕ್ಕೆ ಎದ್ದು ಕಾಣ್ತೈತೆ. ಬೇಕಾಗಿರೋದು ಚೊಕ್ಕ ಚರ್ಮ ಕಣಮ್ಮ, ಬಿಳಿ ಚರ್ಮ ಅಲ್ಲ."

1975ರಲ್ಲಿ ಮಾರುಕಟ್ಟೆಗೆ ಬಂದ ಹೆಸರಾಂತ ಕ್ರೀಮೊಂದು ತನ್ನ ಹೆಸರಿನಿಂದ 'ಫೇರ್' ಎಂಬುದನ್ನು ಕಿತ್ತುಹಾಕಲು 2020ರವರೆಗೆ ಕಾಯಬೇಕಾಯಿತು. ಕಾಂತಿಮಾವ ಅದನ್ನು ಯಾವತ್ತೋ ಕಿತ್ತುಹಾಕಿದ್ದರು, ಕಡುಬಣ್ಣದ ಸೀರೆ ಖರ್ಚಾಗಲಿ ಎಂದು. ಉದ್ದೇಶ ಯಾವುದಾದರೇನು, ಮಾತು ಮಾತ್ರ ಬಂಗಾರ.

ಹುಡುಗಿ "ಥ್ಯಾಂಕ್ಸ್ ಅಂಕಲ್" ಎಂದಳು. ಮಾವ ಎನ್ನದೆ ಅಂಕಲ್ ಎಂದದ್ದಕ್ಕೆ ಮುಖ ಹುಳ್ಳಗೆ ಮಾಡಿಕೊಂಡು ಚೀಟಿ ಮಡಚಿ ಕೊಟ್ಟರು. ಅದರ ಮುಂಬದಿಯಲ್ಲಿ ಅಂಗಡಿಯವರು ಅಚ್ಚು ಹಾಕಿಸಿದ ಸಾಲಿತ್ತು: 'ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ.' ಕಾಂತಿಮಾವನ ಚಿಕಿತ್ಸೆಗೂ ಅದೇ ಷರತ್ತು ಅನ್ವಯ.

ಅವರ ಮನೆಯ ಪರಿಸ್ಥಿತಿ ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಸುಳ್ಳು ಮಾಡಲೆಂದೇ ಹುಟ್ಟಿದವರಂತೆ ಅವರು ಹಿತ್ತಲ ತುಂಬ ಲೋಳೆಸರ, ತುಳಸಿ, ಬೇವು ಬೆಳೆಸಿದ್ದಾರೆ. ಫ್ರಿಜ್ಜಿನಲ್ಲಿ ಯಾವ ಬಟ್ಟಲು ಚಟ್ನಿ, ಯಾವ ಬಟ್ಟಲು ಲೇಪ ಎಂದು ಗೊತ್ತಾಗದೆ ಒಬ್ಬ ಬೀಗರು ಬೇವಿನ ಲೇಪದಲ್ಲಿ ಇಡ್ಲಿ ಅದ್ದಿ ತಿಂದು, ಮರ್ಯಾದೆಗೆ "ಪರವಾಗಿಲ್ಲ, ಸ್ವಲ್ಪ ಮೆಂತ್ಯ ಜಾಸ್ತಿ" ಎಂದದ್ದು ಊರಿಗೇ ಗೊತ್ತಿರುವ ಕಥೆ. ಅತ್ತೆ ಅಂದಿನಿಂದ ಸೋಡಾ ಡಬ್ಬಿಯನ್ನು ದೇವರ ಮನೆಯಲ್ಲಿ ಬಚ್ಚಿಡುತ್ತಾರೆ.

ಕಾಂತಿಮಾವನ ಜೀವನದಲ್ಲಿ ದೊಡ್ಡ ಘಳಿಗೆ ಬಂದದ್ದು ಎದುರುಮನೆ ಹುಡುಗನಿಂದ. ಹೆಣ್ಣು ನೋಡಲು ಹೋಗುವ ಮುಂಚೆ ಅವನು ಮೆಡಿಕಲ್ ಶಾಪಿನಲ್ಲಿ ಯಾರೋ ಹೇಳಿದರೆಂದು ಒಂದು ಟ್ಯೂಬು ತಂದು ಹಚ್ಚಿಕೊಂಡ. ಎರಡು ವಾರದಲ್ಲಿ ಮುಖ ಫಳಫಳ. ಕಾಂತಿಮಾವನಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು; ಇಷ್ಟು ವರ್ಷ ಅರೆದ ಕೈ ಸೋತು, ಒಂದು ಟ್ಯೂಬು ಗೆದ್ದುಬಿಡುವುದೇ? ಹೆಣ್ಣು ಒಪ್ಪಿದಳು, ಹುಡುಗ ಟ್ಯೂಬು ಬಿಟ್ಟ. ಬಿಟ್ಟದ್ದೇ ತಡ, ಮುಖವೆಲ್ಲ ಕೆಂಪು, ಉರಿ, ಹೊಸ ಮೊಡವೆ. ಬಿಸಿಲಿಗೆ ಹೋದರೆ ಚೀರುವಂತಾದ. ಅವನನ್ನು ನೋಡಿದ ಕಾಂತಿಮಾವ ಜೀವಮಾನದಲ್ಲಿ ಮೊದಲ ಸಲ "ಇದು ನನ್ನ ಲೈನಲ್ಲಪ್ಪ" ಎಂದು ಹೇಳಿ, ಅಂಗಡಿಗೆ ರಜೆ ಹಾಕಿ, ಅವನನ್ನು ಬಸ್ಸು ಹತ್ತಿಸಿಕೊಂಡು ಚಿತ್ರದುರ್ಗಕ್ಕೆ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ಟ್ಯೂಬು ತಿರುಗಿಸಿ ನೋಡಿ, ಇದರಲ್ಲಿ ಸ್ಟೀರಾಯ್ಡ್ ಇದೆ ಎಂದರು. ಇಂಥ ಕ್ರೀಮು ಮೊದಮೊದಲು ಮುಖವನ್ನು ತಿಳಿಯಾಗಿಸುತ್ತದೆ, ದಿನ ಕಳೆದಂತೆ ಚರ್ಮವನ್ನು ತೆಳ್ಳಗೆ ಮಾಡುತ್ತದೆ, ನಿಲ್ಲಿಸಿದಾಗ ಸೇಡು ತೀರಿಸಿಕೊಳ್ಳುತ್ತದೆ. 2018ರಲ್ಲೇ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದೆ. ಪಟ್ಟಿ ದೆಹಲಿಯಲ್ಲಿದೆ, ಟ್ಯೂಬು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ.

"ಮುಖಕ್ಕೆ ಬೇರೇನಾದ್ರೂ ಹಚ್ಚಿದ್ಯಾ?" ಎಂದು ಡಾಕ್ಟರು ಹುಡುಗನನ್ನು ಕೇಳಿದರು. "ಸೋಡಾ, ನಿಂಬೆಹಣ್ಣು" ಎಂದ. "ಯಾರಪ್ಪಾ ಹೇಳಿದ್ದು?" ಕಾಂತಿಮಾವ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ಹುಡುಕತೊಡಗಿದರು. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯವಾಗಿ ಕಪ್ಪು ಕಲೆ ಉಳಿಯಬಹುದು ಎಂದು ಡಾಕ್ಟರು ವಿವರಿಸಿದ್ದನ್ನು ಕ್ಯಾಲೆಂಡರಿನ ಕಡೆಗೇ ಮುಖ ಮಾಡಿ ಕೇಳಿಸಿಕೊಂಡರು.

ಆಮೇಲೆ ಡಾಕ್ಟರು ಹೇಳಿದ್ದು ಇಷ್ಟು. ಸದ್ಯಕ್ಕೆ ನಾನು ಬರೆದಿದ್ದು ಬಿಟ್ಟು ಬೇರೇನೂ ಹಚ್ಚಬೇಡ. ಮೆದು ಸೋಪಿನಲ್ಲಿ ದಿನಕ್ಕೆ ಎರಡು ಸಲ ಮುಖ ತೊಳಿ, ತಿಕ್ಕಬೇಡ. ತೇವ ಆರುವ ಮುಂಚೆ ಮಾಯಿಶ್ಚರೈಸರ್ ಹಚ್ಚು. ಹನ್ನೊಂದರಿಂದ ಮೂರರ ಬಿಸಿಲಿಗೆ ತಲೆ ಒಡ್ಡಬೇಡ. ಹೋಗಲೇಬೇಕಾದರೆ ಕೊಡೆ ಹಿಡಿ, ಸನ್‌ಸ್ಕ್ರೀನ್ ಹಚ್ಚು. ಮೊಡವೆ ಚಿವುಟಬೇಡ. ಹೊತ್ತಿಗೆ ಸರಿಯಾಗಿ ಮಲಗು. ಸಿಹಿತಿಂಡಿ, ಸಕ್ಕರೆ ನೀರಿನ ಬಾಟಲಿ ಕಡಿಮೆ ಮಾಡು.

ಕಾಂತಿಮಾವ ಕಾದರು. ಡಾಕ್ಟರು ಪೆನ್ನಿಗೆ ಕ್ಯಾಪು ಹಾಕಿದರು. ಮಾವನಿಗೆ ತಡೆಯಲಾಗಲಿಲ್ಲ. "ಇಷ್ಟೇನಾ ಸಾರ್? ಅರೆಯೋದು ಏನೂ ಇಲ್ವಾ?"

ಕಾಂತಿಮಾವನೆಂದರೇನು ಎಂಬುದು ಈ ಒಂದೇ ಪ್ರಶ್ನೆಯಲ್ಲಿದೆ. ಅರೆಯಬೇಕು, ಸೋಸಬೇಕು, ಮೆತ್ತಬೇಕು, ಒಣಗಿ ಬಿರಿಯುವವರೆಗೆ ನಗದೆ ಕೂರಬೇಕು. ಆಗಲೇ ಚಿಕಿತ್ಸೆ ನಡೆಯಿತೆಂಬ ಸಮಾಧಾನ. ನೆರಳಲ್ಲಿ ನಡಿ, ಹೊತ್ತಿಗೆ ಮಲಗು ಎನ್ನುವ ಮದ್ದಿಗೆ ರುಚಿಯಿಲ್ಲ, ವಾಸನೆಯಿಲ್ಲ, ನಾಲ್ಕು ಜನರಿಗೆ ಬರೆದುಕೊಡಲು ಚೀಟಿಯೂ ಬೇಕಿಲ್ಲ. ಅಂಥ ಮದ್ದನ್ನು ಯಾರು ನಂಬುತ್ತಾರೆ?

ಹಾಗೆಂದು ಅವರನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಈ ಸೀಮೆಯಲ್ಲಿ ಚರ್ಮ ಕಾಯ್ದುಕೊಳ್ಳುವುದೇ ಒಂದು ಹೋರಾಟ. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದ ತೀರಾ ಒಣ ತಾಲ್ಲೂಕುಗಳು. ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು. ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ನೊರೆ ಬರಗೊಡುವುದಿಲ್ಲ, ಮೈಮೇಲೆ ಬಿಳಿ ಪದರವಾಗಿ ಉಳಿದು ನವೆ ತರುತ್ತದೆ. "ಸೋಪು ಕಡಿಮೆ ತಿಕ್ಕು, ಕೊನೇ ಎರಡು ಚೊಂಬು ಫಿಲ್ಟರ್ ನೀರು ಹುಯ್ಕೊ" ಎಂದು ಕಾಂತಿಮಾವ ಹೇಳುವುದು ಸರಿಯೇ. ಎಣ್ಣೆ ನಗರಿ ಎಂದೇ ಹೆಸರಾದ ಚಳ್ಳಕೆರೆ ಪಕ್ಕದಲ್ಲಿಟ್ಟುಕೊಂಡು ಮೈ ಬಿರುಕು ಬಿಡಿಸಿಕೊಳ್ಳುವುದು ಅವರ ಪ್ರಕಾರ ನಾಚಿಕೆಗೇಡು. ಸ್ನಾನಕ್ಕೆ ಮುಂಚೆ ಕೈಕಾಲಿಗೆ ಎಣ್ಣೆ ತಿಕ್ಕು ಎನ್ನುವುದೂ ಸರಿಯೇ. ಅದೇ ಎಣ್ಣೆಯನ್ನು ಮೊಡವೆ ಮುಖಕ್ಕೂ ಬಳಿ ಎನ್ನುವಲ್ಲಿ ಮಾತ್ರ ಎಡವುತ್ತಾರೆ, ರಂಧ್ರ ಕಟ್ಟಿ ಮೊಡವೆ ಹೆಚ್ಚುತ್ತದೆ.

ಚಿತ್ರದುರ್ಗದಿಂದ ಬಂದ ಮೇಲೆ ಕಾಂತಿಮಾವನ ಪ್ರವಚನಕ್ಕೆ ಹೊಸ ಅಧ್ಯಾಯ ಸೇರಿದೆ. ಡಾಕ್ಟರು ಹೇಳಿದ್ದನ್ನೆಲ್ಲ "ನಾನು ಮೊದ್ಲಿಂದ್ಲೂ ಇದನ್ನೇ ಹೇಳ್ತಿದ್ನಲ್ಲ" ಎಂಬ ಪೀಠಿಕೆಯೊಂದಿಗೆ ಹಂಚುತ್ತಿದ್ದಾರೆ. ಎರಡು ದಿನಕ್ಕೇ ಗುಣ ಕಾಣಲಿಲ್ಲ ಎಂದು ದೂರು ತಂದವರಿಗೆ ಅಶೋಕನನ್ನು ಮುಂದೆ ಮಾಡುತ್ತಾರೆ. ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಶಾಸನಗಳಿವೆಯಲ್ಲ, ಅವುಗಳಲ್ಲಿ ಸಾಮ್ರಾಟನೇ ಹೇಳಿಕೊಂಡಿದ್ದಾನೆ: ಉಪಾಸಕನಾದರೂ ಒಂದು ವರ್ಷ ತಾನು ಗಟ್ಟಿಯಾಗಿ ಪ್ರಯತ್ನಪಡಲಿಲ್ಲ, ಮನಸ್ಸಿಟ್ಟು ಪಟ್ಟರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂದು. "ಅಶೋಕ ಚಕ್ರವರ್ತಿಗೇ ವರ್ಷ ಬೇಕಾಯ್ತು, ನಿನಗೆ ಎರಡು ದಿನಕ್ಕೆ ಆಗಬೇಕಾ?" ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ಮೊಡವೆಯ ಚಿಕಿತ್ಸೆ ಫಲ ಕೊಡಲು ಎರಡು ತಿಂಗಳಾದರೂ ಬೇಕು. ಅಶೋಕನಿಗೆ ಈ ಲೆಕ್ಕ ಗೊತ್ತಿತ್ತೋ ಇಲ್ಲವೋ, ಕಾಂತಿಮಾವ ಅವನ ಹೆಸರಿನಲ್ಲಿ ಹೇಳುವ ತಾಳ್ಮೆ ಶುದ್ಧ ವೈದ್ಯಶಾಸ್ತ್ರ.

ಸೋಡಾ ಸಿದ್ಧಾಂತವನ್ನು ಮಾತ್ರ ಅವರಿನ್ನೂ ಪೂರ್ತಿ ಬಿಟ್ಟಿಲ್ಲ. ಚೀಟಿಯಲ್ಲಿ 'ಸೋಡಾ ಸ್ವಲ್ಪ' ಇದ್ದದ್ದು ಈಗ 'ಸೋಡಾ ತೀರಾ ಸ್ವಲ್ಪ' ಆಗಿದೆ.

ಆದ್ದರಿಂದ ಮೊಳಕಾಲ್ಮೂರಿಗೆ ಜವಳಿಗೆ ಬರುವವರಲ್ಲಿ ಒಂದು ಅರಿಕೆ. ಸೀರೆಯ ಬಣ್ಣದ ವಿಷಯದಲ್ಲಿ ಕಾಂತಿಮಾವನ ಮಾತನ್ನು ಕಣ್ಣು ಮುಚ್ಚಿ ಕೇಳಿ. ಚೀಟಿ ಕೊಟ್ಟರೆ ಬೇಡ ಎನ್ನಬೇಡಿ, ಪಾಪ ನೊಂದುಕೊಳ್ಳುತ್ತಾರೆ. ಮನೆಗೆ ಬಂದು ಕಡ್ಲೆಹಿಟ್ಟು, ಮೊಸರು ಹಚ್ಚಿ ನೋಡಬೇಕೆನಿಸಿದರೆ ನೋಡಿ, ಉರಿ ಬಂದರೆ ತೊಳೆದುಬಿಡಿ. ನಿಂಬೆಯನ್ನು ಪಾನಕಕ್ಕೂ ಸೋಡಾವನ್ನು ಬಜ್ಜಿಗೂ ಉಳಿಸಿ. ಮೊಡವೆ, ಕಲೆ ತಿಂಗಳುಗಟ್ಟಲೆ ಹೋಗದಿದ್ದರೆ ಟ್ಯೂಬು ಹುಡುಕದೆ ಚರ್ಮದ ಡಾಕ್ಟರನ್ನು ಕಾಣಿ. ಅರೆಯುವುದು ಏನೂ ಇಲ್ಲವೆಂದು ಅವರು ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.