ಮೂವತ್ತು ನಲವತ್ತು

ಸ್ಥಿರಾಸ್ತಿ ಅಂತ ಹೆಸರಿಟ್ಟ ಪುಣ್ಯಾತ್ಮ ದೇವನಹಳ್ಳಿ ಕಡೆ ಸೈಟು ಕೊಂಡವನಂತೂ ಅಲ್ಲ. ನನ್ನ ಸೈಟಿನ ಮೂಲೆಗಲ್ಲುಗಳು ಹದಿನೆಂಟು ವರ್ಷದಲ್ಲಿ ನನಗಿಂತ ಹೆಚ್ಚು ಓಡಾಡಿವೆ.

2007ರ ಮಾತು. ಹೊಸ ವಿಮಾನ ನಿಲ್ದಾಣ ಏಳುತ್ತಿತ್ತು. ವಿಮಾನದ ಮೆಟ್ಟಿಲನ್ನೇ ಹತ್ತದವರೆಲ್ಲ ಅದರ ಪಕ್ಕದಲ್ಲಿ ಸೈಟು ಕೊಳ್ಳುತ್ತಿದ್ದೆವು. “ಬ್ಯಾಂಕಲ್ಲಿಟ್ಟ ದುಡ್ಡು ಕೊಳೆಯುತ್ತೆ, ಮಣ್ಣಲ್ಲಿಟ್ಟಿದ್ದು ಬೆಳೆಯುತ್ತೆ ಸಾರ್” ಅಂದ ಬ್ರೋಕರ್. “ಮಣ್ಣಲ್ಲಿಟ್ಟಿದ್ದೇ ಅಲ್ವೇನ್ರೀ ಕೊಳೆಯೋದು?” ಅಂದಳು ನನ್ನವಳು. ಮನೆಯೊಳಗಿನ ಸಲಹೆಗೆ ಕಮಿಷನ್ ಇಲ್ಲವಲ್ಲ, ಹಾಗಾಗಿ ಬೆಲೆಯೂ ಇಲ್ಲ.

ಜಾಗ ನೋಡಲು ಹೋದಾಗ ದ್ರಾಕ್ಷಿ ಚಪ್ಪರ ಕಿತ್ತ ಗುಂಡಿಗಳು ಇನ್ನೂ ಮುಚ್ಚಿರಲಿಲ್ಲ. ಚಪ್ಪರದ ಕಲ್ಲುಕಂಬಗಳನ್ನೇ ಒಡೆದು, ತುದಿಗೆ ಸುಣ್ಣ ಬಳಿದು, ನಾಲ್ಕು ಮೂಲೆಗೆ ನೆಟ್ಟಿದ್ದರು. ಮೂವತ್ತು ನಲವತ್ತು, ಒಟ್ಟು 1200 ಚದರಡಿ. ಒಂದು ಗುಂಟೆಗೆ 1089 ಚದರಡಿ, ಎಕರೆಗೆ ನಲವತ್ತು ಗುಂಟೆ. ಊರಲ್ಲಿ ನಮ್ಮಜ್ಜ ಗುಂಟೆ ಲೆಕ್ಕದ್ದನ್ನು ಜಮೀನು ಅನ್ನುತ್ತಲೇ ಇರಲಿಲ್ಲ, “ಎಮ್ಮೆ ಕಟ್ಟೋ ಜಾಗ” ಅನ್ನುತ್ತಿದ್ದರು. ಅದಕ್ಕೆ ನಾನು ಪಿಎಫ್ ದುಡ್ಡು ತೆಗೆದೆ.

ಕಣ್ಣು ಮುಚ್ಚಿ ಕೊಂಡೆ ಅಂತ ಯಾರೂ ಅನ್ನಬಾರದು. ಇಸಿ ತೆಗೆಸಿದೆ. ಋಣಭಾರ ಏನೂ ಇಲ್ಲ ಅಂತ ಬಂತು. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ಅಣ್ಣತಮ್ಮಂದಿರ ಬಾಯಿಜಗಳ, ಬಿಳಿ ಹಾಳೆಯ ಕರಾರು ಅದರಲ್ಲಿ ಇಣುಕುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಪಹಣಿ ನೋಡಿದರೆ ಅಲ್ಲಿನ್ನೂ ದ್ರಾಕ್ಷಿ ಬೆಳೆಯುತ್ತಲೇ ಇತ್ತು. ಕನ್ವರ್ಷನ್ ಆಗಿಲ್ಲವಲ್ಲ ಅಂದೆ. “ಎಲ್ಲಾ ಆಗುತ್ತೆ ಸಾರ್.” ಬ್ಯಾಂಕಿನ ಮ್ಯಾನೇಜರು ಫೈಲು ಮುಚ್ಚಿ, ರೆವಿನ್ಯೂ ಸೈಟಿಗೆ ಸಾಲ ಕೊಡಲ್ಲ ಅಂದರು. ಬುದ್ಧಿ ಬರಬೇಕಿದ್ದದ್ದು ಆಗ. ಸಾಲ ಕೊಡುವುದೇ ಕಸುಬಾದವರು ಹೆದರಿ ಹಿಂದೆ ಸರಿದ ಜಾಗಕ್ಕೆ ನಾನು ಕೈಯಿಂದ ದುಡ್ಡು ಹಾಕಿ, ಸಾಲವಿಲ್ಲದೆ ಸೈಟು ಮಾಡಿದೆ ಅಂತ ಮೀಸೆ ತಿರುವಿದೆ.

ಕ್ರಯಪತ್ರದ ಚೆಕ್ಕುಬಂದಿ ಓದಿಸಿ ಕೇಳಿದಾಗ ಮೈ ಜುಂ ಅಂದಿತ್ತು. ಪೂರ್ವಕ್ಕೆ ಮೂವತ್ತಡಿ ರಸ್ತೆ, ಪಶ್ಚಿಮ, ಉತ್ತರ, ದಕ್ಷಿಣಕ್ಕೆ ಇತರರ ಸ್ವತ್ತು. ಆ ರಸ್ತೆ ಇವತ್ತಿಗೂ ಕ್ರಯಪತ್ರ ಬಿಟ್ಟು ಹೊರಗೆ ಬಂದಿಲ್ಲ.

ವರ್ಷಕ್ಕೊಮ್ಮೆ ಪುಳಿಯೋಗರೆ ಕಟ್ಟಿಸಿಕೊಂಡು ಕಾಂಗ್ರೆಸ್ ಗಿಡ ಕೀಳಿಸಲು ಹೋಗುತ್ತೇವೆ. ಒಂದು ವರ್ಷ ಈಶಾನ್ಯದ ಕಲ್ಲು ನಾಲ್ಕಡಿ ಒಳಗೆ ಬಂದಿತ್ತು. ಇನ್ನೊಂದು ವರ್ಷ ಅದರ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಮಗ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಟ್ಟ, ನಿಂತಲ್ಲೇ ಸರ್ವೆ ನಂಬರ್ ಹೇಳುತ್ತದೆ. ನಮ್ಮದೇ ನಂಬರ್ ಬಂತು, ಹಿಗ್ಗಿದೆ. ಬುತ್ತಿ ಬಿಚ್ಚಲು ನಾಲ್ಕು ಹೆಜ್ಜೆ ಆಚೆ ಹೋದರೆ ಬೇರೆ ನಂಬರ್. ಮತ್ತೆ ಎದ್ದು ಈಚೆ ಬಂದು ಉಂಡೆವು.

ಬೆಲೆ ಏರಿದ್ದು ಸುಳ್ಳಲ್ಲ. ಅಡಿಗೆ ಇಷ್ಟು ಅಂತ ಬ್ರೋಕರ್ ಹೇಳಿದ್ದನ್ನು 1200ರಿಂದ ಗುಣಿಸಿಕೊಂಡು ರಾತ್ರಿ ಮಲಗಿದರೆ ಒಳ್ಳೆ ನಿದ್ದೆ. ಮಾರುತ್ತೇನೆ ಅಂದ ದಿನ ಮಾತ್ರ ಕೊಳ್ಳುವವರು ಇ-ಖಾತಾ ಕೇಳಿ ಎದ್ದು ಹೋಗುತ್ತಾರೆ.

ಈ ಸಲ ಹೋದಾಗ ಅದೇ ಬ್ರೋಕರ್, ತಲೆ ಪೂರ್ತಿ ನರೆತಿದೆ, ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಪಕ್ಕದ ಸೈಟು ತೋರಿಸುತ್ತಿದ್ದ. ಹುಡುಗ ಗಡಿಕಲ್ಲು ಎಲ್ಲಿ ಅಂತ ಹುಡುಕುತ್ತಿದ್ದ. ಬ್ರೋಕರ್ ಅತ್ತಿತ್ತ ನೋಡಿ, ಅನ್ನದ ಕೈಯಲ್ಲಿ ನಿಂತಿದ್ದ ನನ್ನನ್ನು ತೋರಿಸಿದ.

“ನಿಮ್ಮ ಉತ್ತರದ ಚೆಕ್ಕುಬಂದಿ ಇವರೇ ಸಾರ್. ಹದಿನೆಂಟು ವರ್ಷದಿಂದ ಅಲ್ಲಾಡಿಲ್ಲ.”